ಬೇಸಿಸ್ ಬದಲಾದಾಗ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ: ಡ್ಯುಯಲ್ ಸ್ಪೇಸ್ ಕಲಿಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಲೀನಿಯರ್ ಆಲ್ಜೀಬ್ರಾ ಓದುತ್ತಿರುವವರು ಪದೇ ಪದೇ ಬರೆದು ಕೇಳುವುದು ಈ ಮೂರು ಪ್ರಶ್ನೆಗಳನ್ನು. ಬೇಸಿಸ್ ಬದಲಿಸಿದಾಗ ವೆಕ್ಟರಿನ ಕೋಆರ್ಡಿನೇಟುಗಳಿಗೆ ಇನ್ವರ್ಸ್ ಮ್ಯಾಟ್ರಿಕ್ಸ್ ಏಕೆ ಬಂತು? ಡ್ಯುಯಲ್ ಸ್ಪೇಸಿಗೆ, ಅಂದರೆ ವೆಕ್ಟರುಗಳನ್ನು ಅಳೆಯುವ ನಿಯಮಗಳ ಸ್ಪೇಸಿಗೆ, ಹೋದ ಕೂಡಲೇ ಆ ಇನ್ವರ್ಸ್ ಹೋಗಿ ಟ್ರಾನ್ಸ್‌ಪೋಸ್ ಏಕೆ ಬಂತು? ಅಷ್ಟಕ್ಕೂ ಈ ಡ್ಯುಯಲ್ ಸ್ಪೇಸ್ ಯಾತಕ್ಕೆ ಬೇಕು? ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಒಂದು ವಸ್ತುವನ್ನು ಅಳೆದಾಗ ಸಿಗುವ ಸಂಖ್ಯೆ, ನೀವು ಯಾವ ಬೇಸಿಸ್ಸಿನಲ್ಲಿ ಲೆಕ್ಕ ಬರೆದುಕೊಂಡಿದ್ದೀರಿ ಎನ್ನುವುದನ್ನು ನೋಡಿ ಬದಲಾಗುವುದಿಲ್ಲ. ಈ ಮಾತನ್ನು ಕೈಬಿಡದೆ ಹಿಡಿದುಕೊಂಡರೆ ಸೂತ್ರಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಬೇಕೆನಿಸಿದಾಗ ನೀವೇ ಪಡೆದುಕೊಳ್ಳಬಹುದು.

ಶುರುಮಾಡುವ ಮೊದಲು ಬೇಕಾದದ್ದು

ಮ್ಯಾಟ್ರಿಕ್ಸ್ ಗುಣಾಕಾರ ಗೊತ್ತಿರಬೇಕು. 2×2 ಮ್ಯಾಟ್ರಿಕ್ಸಿನ ಇನ್ವರ್ಸ್ ಕಂಡುಹಿಡಿಯಲು ಬರಬೇಕು. ಬೇಸಿಸ್ ಎಂದರೆ ಏನು ಎನ್ನುವುದರ ಅಂದಾಜು ಇರಬೇಕು: ಸ್ಪೇಸಿನ ಪ್ರತಿ ವೆಕ್ಟರನ್ನೂ ಒಂದೇ ಒಂದು ರೀತಿಯಲ್ಲಿ ಕಟ್ಟಿಕೊಡುವ ವೆಕ್ಟರುಗಳ ಗುಂಪೇ ಬೇಸಿಸ್. ಹಾಗೆ ಕಟ್ಟುವಾಗ ಯಾವುದನ್ನು ಎಷ್ಟು ಬಳಸಿದಿರಿ ಎಂದು ಹೇಳುವ ಸಂಖ್ಯೆಗಳು ಕೋಆರ್ಡಿನೇಟುಗಳು. ಇಷ್ಟು ಸಾಕು. ಕಾಗದ, ಪೆನ್ನು ಪಕ್ಕದಲ್ಲಿರಲಿ. ಕೆಳಗಿನ ಲೆಕ್ಕಗಳನ್ನು ಕಣ್ಣಲ್ಲಿ ಓದಿ ಮುಂದೆ ಹೋದರೆ ಏನೂ ಉಳಿಯುವುದಿಲ್ಲ, ಕೈಯಲ್ಲಿ ಮಾಡಿ.

ಬರೆಯುವ ರೀತಿಯ ಬಗ್ಗೆ ಒಂದು ಮಾತು. ಮ್ಯಾಟ್ರಿಕ್ಸನ್ನು [2 1; 1 1] ಎಂದು ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಅರ್ಧವಿರಾಮ ಬಂದಲ್ಲಿ ಮುಂದಿನ ಅಡ್ಡಸಾಲು ಶುರು. ಹಾಗಾಗಿ [5; 3] ಎನ್ನುವುದು ಕಂಬಸಾಲು, [60 150] ಎನ್ನುವುದು ಅಡ್ಡಸಾಲು. ಈ ಲೇಖನದಲ್ಲಿ ಇವೆರಡರ ವ್ಯತ್ಯಾಸ ಬರೀ ಬರವಣಿಗೆಯ ವ್ಯತ್ಯಾಸವಲ್ಲ, ಗಮನವಿಟ್ಟು ನೋಡುತ್ತಿರಿ.

ಹಂತ 1: ವೆಕ್ಟರನ್ನೂ ಅದರ ಕೋಆರ್ಡಿನೇಟುಗಳನ್ನೂ ಬೇರೆ ಮಾಡಿ

ದಿನಸಿ ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ, ಕೊನೆಯವರೆಗೂ ಇದೇ ನಮ್ಮ ಜೊತೆ ಬರುತ್ತದೆ. ನೀವು 5 ಕೆಜಿ ಅಕ್ಕಿ, 3 ಕೆಜಿ ತೊಗರಿಬೇಳೆ ತಂದಿದ್ದೀರಿ. ಚೀಲದಲ್ಲಿರುವ ಸಾಮಾನು ನಮ್ಮ ವೆಕ್ಟರ್, ಅದನ್ನು ವ ಎಂದು ಕರೆಯೋಣ. ಹಳೆಯ ಬೇಸಿಸ್ಸಿನಲ್ಲಿ ಎರಡು ವೆಕ್ಟರುಗಳಿವೆ: ಹ₁ ಎಂದರೆ 1 ಕೆಜಿ ಅಕ್ಕಿ, ಹ₂ ಎಂದರೆ 1 ಕೆಜಿ ಬೇಳೆ. ಈ ಬೇಸಿಸ್ಸಿನಲ್ಲಿ ವ ದ ಕೋಆರ್ಡಿನೇಟುಗಳು [5; 3]. ಅರ್ಧ ಕೆಜಿಯೂ ಇರಬಹುದು. ವಾಪಸು ಕೊಟ್ಟದ್ದನ್ನು ಋಣ ಸಂಖ್ಯೆಯಾಗಿ ಬರೆಯಬಹುದು. ಹಾಗಾಗಿ ಇದು ನಿಜಕ್ಕೂ ಎರಡು ಆಯಾಮದ ವೆಕ್ಟರ್ ಸ್ಪೇಸ್.

ಈಗ ಅಂಗಡಿಯವರು ಬಿಡಿ ಮಾರುವುದನ್ನು ನಿಲ್ಲಿಸಿ ಎರಡು ಬಗೆಯ ಪ್ಯಾಕ್ ಮಾಡಿದರು ಎನ್ನಿ. ಮೊದಲ ಪ್ಯಾಕ್ ನ₁: 2 ಕೆಜಿ ಅಕ್ಕಿ, 1 ಕೆಜಿ ಬೇಳೆ. ಎರಡನೆಯ ಪ್ಯಾಕ್ ನ₂: 1 ಕೆಜಿ ಅಕ್ಕಿ, 1 ಕೆಜಿ ಬೇಳೆ. ಇದು ಹೊಸ ಬೇಸಿಸ್. ನಿಮ್ಮ ಚೀಲದ ಸಾಮಾನು ಎಂದರೆ ಮೊದಲ ಪ್ಯಾಕ್ ಎರಡು, ಎರಡನೆಯದು ಒಂದು. ಹೊಸ ಕೋಆರ್ಡಿನೇಟುಗಳು [2; 1].

ಚೀಲದಲ್ಲಿ ಏನೂ ಬದಲಾಗಲಿಲ್ಲ. [5; 3] ಮತ್ತು [2; 1] ಒಂದೇ ವೆಕ್ಟರಿನ ಎರಡು ಬರಹಗಳು.

ಎಚ್ಚರ: ಸಂಖ್ಯೆಗಳ ಜೋಡಿಯೇ ವೆಕ್ಟರ್ ಆಗಿರುವ ಸ್ಪೇಸಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅಲ್ಲಿ ವೆಕ್ಟರೂ ಒಂದು ಜೋಡಿ, ಕೋಆರ್ಡಿನೇಟೂ ಒಂದು ಜೋಡಿ. ಗೊಂದಲ ಹುಟ್ಟುವ ಮೊದಲ ಜಾಗ ಇದೇ. ಪ್ರತಿ ಕಂಬಸಾಲಿನ ಪಕ್ಕದಲ್ಲಿ "ಹ ಬೇಸಿಸ್", "ನ ಬೇಸಿಸ್" ಎಂದು ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಪರೀಕ್ಷೆಯಲ್ಲೂ ಬರೆಯಿರಿ.

ಹಂತ 2: ಬದಲಾವಣೆಯ ಮ್ಯಾಟ್ರಿಕ್ಸ್ ಕಟ್ಟಿ, ಅದರ ದಿಕ್ಕು ಪರೀಕ್ಷಿಸಿ

ಹೊಸ ಬೇಸಿಸ್ಸಿನ ಪ್ರತಿ ವೆಕ್ಟರನ್ನೂ ಹಳೆಯ ಕೋಆರ್ಡಿನೇಟುಗಳಲ್ಲಿ ಬರೆದು, ಅವನ್ನು ಕಂಬಸಾಲುಗಳಾಗಿ ಪಕ್ಕಪಕ್ಕ ಇಡಿ. ನ₁ ಎಂದರೆ [2; 1], ನ₂ ಎಂದರೆ [1; 1]. ಆದ್ದರಿಂದ ಪ = [2 1; 1 1].

ಈ ಪ ಏನು ಮಾಡುತ್ತದೆ? ಪ್ಯಾಕುಗಳ ಎಣಿಕೆ ಕೊಟ್ಟರೆ ಕೆಜಿ ಲೆಕ್ಕ ಕೊಡುತ್ತದೆ. ಅಂದರೆ ಹಳೆಯ ಕೋಆರ್ಡಿನೇಟುಗಳು = ಪ × ಹೊಸ ಕೋಆರ್ಡಿನೇಟುಗಳು. ಪ × [2; 1] = [5; 3], ಸರಿಯಾಗಿದೆ. ನಮಗೆ ಬೇಕಾದದ್ದು ಹಳೆಯದರಿಂದ ಹೊಸದಕ್ಕೆ ಹೋಗುವ ದಾರಿ, ಹಾಗಾಗಿ ಇನ್ವರ್ಸ್ ಬೇಕು. ಪ ದ ಡಿಟರ್ಮಿನೆಂಟ್ 2×1 − 1×1 = 1. ಪ⁻¹ = [1 −1; −1 2]. ಇದನ್ನು [5; 3] ಗೆ ಗುಣಿಸಿದರೆ [2; 1] ಬರುತ್ತದೆ.

ಇನ್ವರ್ಸ್ ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಅಳೆಯುವ ಮೂಲಮಾನ ದೊಡ್ಡದಾದರೆ ಎಣಿಕೆ ಚಿಕ್ಕದಾಗುತ್ತದೆ. ಗ್ರಾಂ ಬಿಟ್ಟು ಕೆಜಿಗೆ ಬಂದರೆ ಮೂಲಮಾನ 1000 ಪಟ್ಟು ಹಿಗ್ಗುತ್ತದೆ, 5000 ಇದ್ದದ್ದು 5 ಆಗುತ್ತದೆ.

ಎಚ್ಚರ: ಪುಸ್ತಕದಿಂದ ಪುಸ್ತಕಕ್ಕೆ ಹೆಸರು ಬದಲಾಗುತ್ತದೆ. ಒಂದರಲ್ಲಿ ಪ ಗೆ ಇಟ್ಟ ಹೆಸರನ್ನು ಇನ್ನೊಂದರಲ್ಲಿ ಅದರ ಇನ್ವರ್ಸಿಗೆ ಇಟ್ಟಿರುತ್ತಾರೆ. "ಹಳೆಯದರಿಂದ ಹೊಸದಕ್ಕೆ ಬದಲಾವಣೆಯ ಮ್ಯಾಟ್ರಿಕ್ಸ್" ಎಂಬ ಮಾತನ್ನು ಕೆಲವರು ಬೇಸಿಸ್ ವೆಕ್ಟರುಗಳಿಗೆ ಹೇಳುತ್ತಾರೆ, ಕೆಲವರು ಕೋಆರ್ಡಿನೇಟುಗಳಿಗೆ ಹೇಳುತ್ತಾರೆ, ಮತ್ತು ಎರಡರ ದಿಕ್ಕು ಒಂದಕ್ಕೊಂದು ವಿರುದ್ಧ. ಹೆಸರನ್ನು ನಂಬಬೇಡಿ, ಪರೀಕ್ಷೆ ಮಾಡಿ. ಮ್ಯಾಟ್ರಿಕ್ಸಿಗೆ [1; 0] ಕೊಡಿ. ಬಂದ ಉತ್ತರ ಮೊದಲ ಕಂಬಸಾಲು. ಅದು ನ₁ ದ ಹಳೆಯ ಕೋಆರ್ಡಿನೇಟ್ ಆಗಿದ್ದರೆ ಮ್ಯಾಟ್ರಿಕ್ಸ್ ಹೊಸದರಿಂದ ಹಳೆಯದಕ್ಕೆ ಕರೆದೊಯ್ಯುತ್ತಿದೆ. ಹ₁ ದ ಹೊಸ ಕೋಆರ್ಡಿನೇಟ್ ಆಗಿದ್ದರೆ ಹಳೆಯದರಿಂದ ಹೊಸದಕ್ಕೆ. ಅರ್ಧ ನಿಮಿಷದ ಕೆಲಸ, ಇಡೀ ಲೆಕ್ಕವನ್ನು ಉಳಿಸುತ್ತದೆ.

ಹಂತ 3: ಬೆಲೆಪಟ್ಟಿಯನ್ನು ಫಂಕ್ಷನಲ್ ಆಗಿ ನೋಡಿ

ಲೀನಿಯರ್ ಫಂಕ್ಷನಲ್ ಎಂದರೆ ವೆಕ್ಟರ್ ಕೊಟ್ಟರೆ ಒಂದು ಸಂಖ್ಯೆಯನ್ನು ಹಿಂತಿರುಗಿಸುವ ನಿಯಮ. ಅದಕ್ಕೆ ಎರಡು ಷರತ್ತುಗಳಿವೆ: ಎರಡು ವೆಕ್ಟರುಗಳನ್ನು ಕೂಡಿಸಿ ಕೊಟ್ಟರೆ ಉತ್ತರಗಳೂ ಕೂಡಬೇಕು, ವೆಕ್ಟರನ್ನು ಮೂರು ಪಟ್ಟು ಮಾಡಿದರೆ ಉತ್ತರವೂ ಮೂರು ಪಟ್ಟಾಗಬೇಕು. ಒಂದು ಸ್ಪೇಸಿನ ಮೇಲಿರುವ ಇಂಥ ಎಲ್ಲ ಫಂಕ್ಷನಲ್‌ಗಳ ಸಮೂಹವೇ ಅದರ ಡ್ಯುಯಲ್ ಸ್ಪೇಸ್. ಫಂಕ್ಷನಲ್‌ಗಳನ್ನು ತಮ್ಮತಮ್ಮಲ್ಲೇ ಕೂಡಿಸಬಹುದು, ಸಂಖ್ಯೆಯಿಂದ ಗುಣಿಸಬಹುದು. ಆದ್ದರಿಂದ ಅದೂ ಒಂದು ವೆಕ್ಟರ್ ಸ್ಪೇಸ್.

ಅಕ್ಕಿ ಕೆಜಿಗೆ 60 ರೂಪಾಯಿ, ಬೇಳೆ ಕೆಜಿಗೆ 150 ರೂಪಾಯಿ ಎನ್ನಿ. ಈ ಬೆಲೆಪಟ್ಟಿ ಒಂದು ಫಂಕ್ಷನಲ್, ಫ ಎಂದು ಕರೆಯೋಣ. ಚೀಲ ಕೊಟ್ಟರೆ ಬಿಲ್ ಕೊಡುತ್ತದೆ. ಇದನ್ನು ಅಡ್ಡಸಾಲಾಗಿ ಬರೆಯಿರಿ: [60 150]. ಬಿಲ್ ಎಂದರೆ ಅಡ್ಡಸಾಲು × ಕಂಬಸಾಲು: 60×5 + 150×3 = 300 + 450 = 750 ರೂಪಾಯಿ. ಒಟ್ಟು ತೂಕವೂ ಒಂದು ಫಂಕ್ಷನಲ್, ಅದರ ಅಡ್ಡಸಾಲು [1 1].

ಎಲ್ಲವೂ ಫಂಕ್ಷನಲ್ ಅಲ್ಲ. ಬಿಲ್ಲಿಗೆ 40 ರೂಪಾಯಿ ಡೆಲಿವರಿ ಚಾರ್ಜ್ ಸೇರಿಸಿದರೆ ಅದು ಲೀನಿಯರ್ ಆಗಿ ಉಳಿಯುವುದಿಲ್ಲ: ಎರಡು ಪಟ್ಟು ಸಾಮಾನು ತಂದರೆ ಬಿಲ್ ಎರಡು ಪಟ್ಟಾಗುವುದಿಲ್ಲ. ಬೇಗ ಪರೀಕ್ಷಿಸಬೇಕೆಂದರೆ ಖಾಲಿ ಚೀಲ ಕೊಟ್ಟು ನೋಡಿ. ಸೊನ್ನೆ ಬರದಿದ್ದರೆ ಅದು ಲೀನಿಯರ್ ಫಂಕ್ಷನಲ್ ಅಲ್ಲವೇ ಅಲ್ಲ. ಸೊನ್ನೆ ಬಂದ ಮಾತ್ರಕ್ಕೆ ಆಗಿಬಿಡುತ್ತದೆ ಎಂದೂ ಅಲ್ಲ. 500 ರೂಪಾಯಿ ಮೀರಿದರೆ ರಿಯಾಯಿತಿ ಕೊಡುವ ಬಿಲ್ಲನ್ನು ಯೋಚಿಸಿ.

ಎಚ್ಚರ: ಬೆಲೆಪಟ್ಟಿಯಲ್ಲೂ ಎರಡು ಸಂಖ್ಯೆ, ಚೀಲದಲ್ಲೂ ಎರಡು ಸಂಖ್ಯೆ ಎಂದು ಎರಡನ್ನೂ ಒಂದೇ ಸ್ಪೇಸಿಗೆ ಸೇರಿಸಬೇಡಿ. 5 ಕೆಜಿಗೆ 60 ರೂಪಾಯಿಯನ್ನು ಕೂಡಿಸಲಾಗದು. ಆಯಾಮ ಒಂದೇ ಇದ್ದರೂ ಅವು ಬೇರೆ ಬೇರೆ ಸ್ಪೇಸುಗಳು, ಮುಂದಿನ ಹಂತದಲ್ಲಿ ಅವುಗಳ ನಡತೆಯೂ ಬೇರೆ ಎಂದು ಕಾಣುತ್ತದೆ.

ಹಂತ 4: ಬಿಲ್ ಬದಲಾಗಬಾರದು ಎಂಬುದರಿಂದ ಸೂತ್ರ ಪಡೆಯಿರಿ

ಪ್ಯಾಕಿನ ಬೆಲೆ ಎಷ್ಟು? ನ₁ ದಲ್ಲಿ 2 ಕೆಜಿ ಅಕ್ಕಿ, 1 ಕೆಜಿ ಬೇಳೆ: 120 + 150 = 270. ನ₂ ದಲ್ಲಿ ತಲಾ ಒಂದು ಕೆಜಿ: 60 + 150 = 210. ಹೊಸ ಅಡ್ಡಸಾಲು [270 210]. ನೀವು ಈಗ ಮಾಡಿದ್ದು [60 150] × [2 1; 1 1], ಅಂದರೆ ಹಳೆಯ ಅಡ್ಡಸಾಲನ್ನು ಬಲಗಡೆಯಿಂದ ಪ ದಿಂದ ಗುಣಿಸಿದ್ದು. ಇಲ್ಲಿ ಇನ್ವರ್ಸ್ ಇಲ್ಲ.

ಬಿಲ್ ನೋಡಿ: 270×2 + 210×1 = 540 + 210 = 750. ಅದೇ ಸಂಖ್ಯೆ. ಬರಲೇಬೇಕು, ಏಕೆಂದರೆ ಸಾಮಾನೂ ಅದೇ, ದರವೂ ಅದೇ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, (ಅಡ್ಡಸಾಲು × ಪ) × (ಪ⁻¹ × ಕಂಬಸಾಲು) ಎಂದು ಬರೆದಾಗ ನಡುವಿನ ಪ ಮತ್ತು ಪ⁻¹ ಒಂದನ್ನೊಂದು ಅಳಿಸುತ್ತವೆ. ವಿಷಯದ ತಿರುಳು ಇದೇ ಒಂದು ಸಾಲು. ವೆಕ್ಟರಿನ ಕೋಆರ್ಡಿನೇಟುಗಳು ಪ⁻¹ ದಿಂದ ಬದಲಾಗುತ್ತವೆ ಎಂದಾದರೆ, ಬಿಲ್ ಉಳಿಯಬೇಕಾದರೆ ಫಂಕ್ಷನಲ್‌ನ ಕೋಆರ್ಡಿನೇಟುಗಳು ಪ ದಿಂದಲೇ ಬದಲಾಗಬೇಕು, ಬೇರೆ ದಾರಿ ಇಲ್ಲ.

ಹಾಗಾದರೆ ಟ್ರಾನ್ಸ್‌ಪೋಸ್ ಎಲ್ಲಿಂದ ಬಂತು? ಟ್ರಾನ್ಸ್‌ಪೋಸ್ ಎಂದರೆ ಅಡ್ಡಸಾಲುಗಳನ್ನು ಕಂಬಸಾಲು ಮಾಡುವುದು. ಕೆಲವು ಪುಸ್ತಕಗಳು ಫಂಕ್ಷನಲ್‌ನ ಕೋಆರ್ಡಿನೇಟುಗಳನ್ನೂ ಕಂಬಸಾಲಾಗಿಯೇ ಬರೆಯುತ್ತವೆ. ಆಗ ಗುಣಾಕಾರವನ್ನು ತಿರುಗಿಸಬೇಕಾಗುತ್ತದೆ, ಪ ದ ಜಾಗದಲ್ಲಿ ಪ ದ ಟ್ರಾನ್ಸ್‌ಪೋಸ್ ಕೂರುತ್ತದೆ. ಅದು ಬರವಣಿಗೆಯ ರೂಢಿಯಿಂದ ಬಂದದ್ದು, ಗಣಿತದಲ್ಲಿ ಹೊಸದೇನೂ ಸೇರಿಲ್ಲ. ನನ್ನ ಸಲಹೆ: ಕಲಿಯುವಾಗ ಫಂಕ್ಷನಲ್‌ಗಳನ್ನು ಅಡ್ಡಸಾಲಾಗಿಯೇ ಬರೆಯಿರಿ. ಅರ್ಧ ಗೊಂದಲ ಅಲ್ಲಿಗೇ ಹೋಗುತ್ತದೆ.

ಬೇಸಿಸ್ಸಿನ ಜೊತೆಗೇ ಬದಲಾಗುವುದನ್ನು ಕೋವೇರಿಯಂಟ್ ಎಂದೂ, ಬೇಸಿಸ್ಸಿಗೆ ಎದುರಾಗಿ ಬದಲಾಗುವುದನ್ನು ಕಾಂಟ್ರಾವೇರಿಯಂಟ್ ಎಂದೂ ಕರೆಯುತ್ತಾರೆ. 1850ರ ದಶಕದ ಆರಂಭದಲ್ಲಿ ಇಂಗ್ಲಿಷ್ ಗಣಿತಜ್ಞ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಬಳಕೆಗೆ ತಂದ ಹೆಸರುಗಳಿವು. ಮ್ಯಾಟ್ರಿಕ್ಸ್ ಎಂಬ ಹೆಸರನ್ನು ಗಣಿತಕ್ಕೆ ಕೊಟ್ಟವರೂ ಅವರೇ. ಟೆನ್ಸರ್ ಓದುವವರಿಗೆ ಈ ಪದಗಳು ಮುಂದೆ ಎದುರಾಗುತ್ತವೆ, ಆಗ ಬೆಲೆಪಟ್ಟಿ ಕೋವೇರಿಯಂಟ್, ಚೀಲದ ಎಣಿಕೆ ಕಾಂಟ್ರಾವೇರಿಯಂಟ್ ಎಂದು ನೆನಪಿಸಿಕೊಂಡರೆ ಸಾಕು.

ಹಂತ 5: ಡ್ಯುಯಲ್ ಬೇಸಿಸ್ ಕಂಡುಹಿಡಿಯಿರಿ

ಹೊಸ ಬೇಸಿಸ್ ನ₁, ನ₂ ಗೆ ಡ್ಯುಯಲ್ ಬೇಸಿಸ್ ಎಂದರೆ ಡ₁, ಡ₂ ಎಂಬ ಎರಡು ಫಂಕ್ಷನಲ್‌ಗಳು. ಡ₁ ಗೆ ನ₁ ಕೊಟ್ಟರೆ 1, ನ₂ ಕೊಟ್ಟರೆ 0. ಡ₂ ಗೆ ನ₁ ಕೊಟ್ಟರೆ 0, ನ₂ ಕೊಟ್ಟರೆ 1. ಸರಳವಾಗಿ ಹೇಳಿದರೆ, "ಈ ಚೀಲದಲ್ಲಿ ಮೊದಲ ಪ್ಯಾಕ್ ಎಷ್ಟು?" ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಡ₁, ಎರಡನೆಯ ಪ್ಯಾಕಿನ ಎಣಿಕೆ ಕೊಡುವುದು ಡ₂.

ಲೆಕ್ಕ ಆಗಲೇ ಮುಗಿದಿದೆ. ಪ⁻¹ ದ ಅಡ್ಡಸಾಲುಗಳೇ ಡ್ಯುಯಲ್ ಬೇಸಿಸ್. ಪ⁻¹ × ಪ ಗುಣಿಸಿದರೆ 1 ಮತ್ತು 0 ಗಳ ಐಡೆಂಟಿಟಿ ಮ್ಯಾಟ್ರಿಕ್ಸ್ ಬರುತ್ತದೆಯಲ್ಲ, ಮೇಲಿನ ಷರತ್ತುಗಳು ಹೇಳುವುದು ಅದನ್ನೇ. ಹಾಗಾಗಿ ಡ₁ = [1 −1], ಡ₂ = [−1 2]. ಅಂದರೆ ಮೊದಲ ಪ್ಯಾಕಿನ ಎಣಿಕೆ = ಅಕ್ಕಿ − ಬೇಳೆ = 5 − 3 = 2. ಎರಡನೆಯದರ ಎಣಿಕೆ = 2 × ಬೇಳೆ − ಅಕ್ಕಿ = 6 − 5 = 1. ಹಂತ 1ರ ಉತ್ತರವೇ ಬಂತು.

ಬೆಲೆಪಟ್ಟಿಯನ್ನೂ ಈ ಬೇಸಿಸ್ಸಿನಲ್ಲಿ ಬರೆದು ನೋಡಿ: 270 × [1 −1] + 210 × [−1 2] = [60 150]. ಫಂಕ್ಷನಲ್‌ನ ಕೋಆರ್ಡಿನೇಟ್ ಎಂದರೆ ಬೇಸಿಸ್ ವೆಕ್ಟರುಗಳ ಮೇಲೆ ಅದು ಕೊಡುವ ಬೆಲೆ, ಅಷ್ಟೇ.

ಇಲ್ಲಿ ಎರಡು ಹಳ್ಳಗಳಿವೆ, ಎರಡೂ ಆಳವಾದವು.

ಮೊದಲನೆಯದು: ನ₁ ಗೆ ಜೊತೆಯಾಗಿ ಡ₁ ಇದೆ ಎಂದು ಕಂಡರೂ, ಡ₁ ನಿರ್ಧಾರವಾಗುವುದು ನ₁ ಒಂದರಿಂದಲೇ ಅಲ್ಲ, ಇಡೀ ಬೇಸಿಸ್ಸಿನಿಂದ. ಮೊದಲ ಪ್ಯಾಕನ್ನು ಹಾಗೇ ಬಿಟ್ಟು, ಎರಡನೆಯದನ್ನು ಬರೀ 1 ಕೆಜಿ ಬೇಳೆಯ ಪ್ಯಾಕ್ ಮಾಡಿ. ಈಗ ಮ್ಯಾಟ್ರಿಕ್ಸ್ [2 0; 1 1]. ಅದರ ಇನ್ವರ್ಸ್ [1/2 0; −1/2 1]. ಡ₁ ಈಗ [1/2 0]. ಮೊದಲ ಪ್ಯಾಕನ್ನು ಯಾರೂ ಮುಟ್ಟಿಲ್ಲ, ಆದರೆ ಅದನ್ನು ಎಣಿಸುವ ಫಂಕ್ಷನಲ್ [1 −1] ನಿಂದ [1/2 0] ಆಯಿತು. ಅರ್ಥವೂ ಸರಿಯಾಗಿದೆ: ಈಗ ಅಕ್ಕಿ ಇರುವುದು ಮೊದಲ ಪ್ಯಾಕಿನಲ್ಲಿ ಮಾತ್ರ, ಹಾಗಾಗಿ ಅಕ್ಕಿಯ ಅರ್ಧವೇ ಅದರ ಎಣಿಕೆ. "ಒಂದು ವೆಕ್ಟರಿನ ಡ್ಯುಯಲ್" ಎಂಬ ಮಾತಿಗೆ ಬೇಸಿಸ್ ಹೇಳದೆ ಅರ್ಥವಿಲ್ಲ. ಇದನ್ನು ನಿಧಾನವಾಗಿ ಎರಡು ಸಲ ಓದಿ. ಮುಂದಿನ ಬಹುಪಾಲು ತಪ್ಪುಗಳು ಹುಟ್ಟುವುದು ಇಲ್ಲೇ.

ಎರಡನೆಯದು: ಡ್ಯುಯಲ್ ಬೇಸಿಸ್ ಬದಲಾಗುವ ರೀತಿಯನ್ನೂ ಫಂಕ್ಷನಲ್‌ನ ಕೋಆರ್ಡಿನೇಟುಗಳು ಬದಲಾಗುವ ರೀತಿಯನ್ನೂ ಒಂದೇ ಎಂದುಕೊಳ್ಳುವುದು. ಬೇಸಿಸ್ ವೆಕ್ಟರುಗಳು ಪ ದಿಂದ ಬದಲಾದರೆ ವೆಕ್ಟರಿನ ಕೋಆರ್ಡಿನೇಟುಗಳು ಪ⁻¹ ದಿಂದ. ಡ್ಯುಯಲ್ ಬೇಸಿಸ್ ಪ⁻¹ ದಿಂದ ಬದಲಾದರೆ ಫಂಕ್ಷನಲ್‌ನ ಕೋಆರ್ಡಿನೇಟುಗಳು ಪ ದಿಂದ. "ಡ್ಯುಯಲ್ ಸ್ಪೇಸ್ ಹೇಗೆ ಬದಲಾಗುತ್ತದೆ?" ಎಂದು ಯಾರಾದರೂ ಕೇಳಿದರೆ ಮೊದಲು "ಬೇಸಿಸ್ಸೋ, ಕೋಆರ್ಡಿನೇಟೋ?" ಎಂದು ತಿರುಗಿ ಕೇಳಿ.

ಹಂತ 6: ಅಕ್ಕಿ ಬೇಳೆ ಬಿಟ್ಟು ಪಾಲಿನಾಮಿಯಲ್‌ಗಳ ಮೇಲೆ ಪ್ರಯೋಗಿಸಿ

ಡ್ಯುಯಲ್ ಸ್ಪೇಸ್ ಯಾತಕ್ಕೆ ಬೇಕು ಎಂಬ ಪ್ರಶ್ನೆಗೆ ನನಗೆ ಅತ್ಯಂತ ಇಷ್ಟವಾದ ಉತ್ತರ ಇದು. ಎಂಜಿನಿಯರಿಂಗ್ ಗಣಿತದಲ್ಲಿ, ಬಿಎಸ್ಸಿಯಲ್ಲಿ ಇಂಟಿಗ್ರಲ್‌ನ ಅಂದಾಜಿಗೆ ಸಿಂಪ್ಸನ್‌ನ 1/3 ಸೂತ್ರ ಕಲಿಯುತ್ತೀರಿ: ಎರಡು ತುದಿಯ ಬೆಲೆಗಳಿಗೆ 1, ನಡುವಿನದಕ್ಕೆ 4. ಈ 1, 4, 1 ಎಲ್ಲಿಂದ ಬಂತು? ಬೇಸಿಸ್ ಬದಲಾವಣೆಯಿಂದ.

ಗರಿಷ್ಠ ಎರಡನೆಯ ಘಾತದ ಪಾಲಿನಾಮಿಯಲ್‌ಗಳ ಸ್ಪೇಸ್ ತೆಗೆದುಕೊಳ್ಳಿ. ಚರಾಕ್ಷರ ಕ್ಷ ಇರಲಿ. ಹಳೆಯ ಬೇಸಿಸ್ 1, ಕ್ಷ, ಕ್ಷ². ಆಯಾಮ 3. ಇಲ್ಲಿ ವೆಕ್ಟರ್ ಎಂದರೆ ಒಂದು ಪಾಲಿನಾಮಿಯಲ್. ಫಂಕ್ಷನಲ್‌ಗಳು ಯಾವುವು? 0 ಯಿಂದ 1 ರವರೆಗಿನ ಇಂಟಿಗ್ರಲ್ ಒಂದು ಫಂಕ್ಷನಲ್, ಪಾಲಿನಾಮಿಯಲ್ ಕೊಟ್ಟರೆ ಸಂಖ್ಯೆ ಕೊಡುತ್ತದೆ, ಲೀನಿಯರ್ ಕೂಡ ಹೌದು. ಹಳೆಯ ಬೇಸಿಸ್ಸಿನ ಮೇಲೆ ಅದರ ಬೆಲೆಗಳು 1, 1/2, 1/3. ಆದ್ದರಿಂದ ಅಡ್ಡಸಾಲು [1 1/2 1/3]. ಇನ್ನು ಮೂರು ಫಂಕ್ಷನಲ್‌ಗಳು: ಕ್ಷ = 0 ಆದಾಗಿನ ಬೆಲೆ, ಕ್ಷ = 1/2 ಆದಾಗಿನ ಬೆಲೆ, ಕ್ಷ = 1 ಆದಾಗಿನ ಬೆಲೆ. ಅವುಗಳ ಅಡ್ಡಸಾಲುಗಳು [1 0 0], [1 1/2 1/4], [1 1 1].

ಈ ಮೂರನ್ನು ಒಂದರ ಕೆಳಗೊಂದು ಇಟ್ಟರೆ ಒಂದು ಮ್ಯಾಟ್ರಿಕ್ಸ್ ಆಯಿತು. ಅವು ಡ್ಯುಯಲ್ ಬೇಸಿಸ್ ಆಗಬೇಕಾದರೆ ಈ ಮ್ಯಾಟ್ರಿಕ್ಸೇ ಪ⁻¹. ಅದರ ಇನ್ವರ್ಸ್ ಮಾಡಿದರೆ ಪ = [1 0 0; −3 4 −1; 2 −4 2]. ಕಂಬಸಾಲುಗಳನ್ನು ಓದಿ, ಹೊಸ ಬೇಸಿಸ್ ಸಿಗುತ್ತದೆ:

ನ₁ = 1 − 3ಕ್ಷ + 2ಕ್ಷ²
ನ₂ = 4ಕ್ಷ − 4ಕ್ಷ²
ನ₃ = −ಕ್ಷ + 2ಕ್ಷ²

ಕ್ಷ = 1/2 ಇಟ್ಟು ನೋಡಿ: 0, 1, 0. ಇವೇ ಲಗ್ರಾಂಜ್ ಇಂಟರ್‌ಪೊಲೇಶನ್ ಪಾಲಿನಾಮಿಯಲ್‌ಗಳು. ನೀವು ಇನ್ನೊಂದು ಅಧ್ಯಾಯದಲ್ಲಿ ಸೂತ್ರವಾಗಿ ಕಲಿತಿದ್ದು ಇಲ್ಲಿ ಡ್ಯುಯಲ್ ಬೇಸಿಸ್ಸಿನ ಜೋಡಿಯಾಗಿ ತಾನಾಗಿ ಬಂದಿದೆ.

ಈಗ ಇಂಟಿಗ್ರಲ್‌ನ ಅಡ್ಡಸಾಲನ್ನು ಹಂತ 4ರಂತೆ ಪ ದಿಂದ ಗುಣಿಸಿ. ಮೊದಲನೆಯದು 1 − 3/2 + 2/3 = 1/6. ಎರಡನೆಯದು 4/2 − 4/3 = 2/3, ಅಂದರೆ 4/6. ಮೂರನೆಯದು −1/2 + 2/3 = 1/6. ಹೊಸ ಅಡ್ಡಸಾಲು [1/6 4/6 1/6]. ಇಂಟಿಗ್ರಲ್ ಎಂಬ ಫಂಕ್ಷನಲ್ ಅದೇ, ಆದರೆ ಈಗ ಅದನ್ನು ಮೂರು ಬಿಂದುಗಳ ಬೆಲೆಗಳ ಮೂಲಕ ಬರೆದಿದ್ದೇವೆ. ಸಿಂಪ್ಸನ್ ಸೂತ್ರ ಅದೇ.

ಕ್ಷ² ಮೇಲೆ ಪರೀಕ್ಷಿಸಿ: 0 + 4/6 × 1/4 + 1/6 = 1/3. ಸರಿ. ಕ್ಷ³ ನಮ್ಮ ಸ್ಪೇಸಿನಲ್ಲೇ ಇಲ್ಲ, ಆದರೂ 4/6 × 1/8 + 1/6 = 1/4, ಅದೂ ಸರಿಯಾದ ಉತ್ತರ. ಮೂರು ಬಿಂದುಗಳು ನಡುವಿನ ಬಿಂದುವಿನ ಎರಡೂ ಬದಿಗೆ ಸಮನಾಗಿ ಇರುವುದರಿಂದ ಸಿಕ್ಕ ಲಾಭ ಅದು. ಬಿಂದುಗಳನ್ನು 0, 1/3, 1 ಎಂದು ಬದಲಿಸಿ ಇದೇ ಲೆಕ್ಕವನ್ನು ಮತ್ತೆ ಮಾಡಿ. ಆಗ ಬರುವ ತೂಕಗಳು ಬೇರೆ, ಮತ್ತು ಕ್ಷ³ ಕ್ಕೆ ಉತ್ತರ ತಪ್ಪುತ್ತದೆ.

ಹಂತ 7: ಮ್ಯಾಟ್ರಿಕ್ಸ್ ಯಾವ ಬಗೆಯದು ಎಂದು ನೋಡಿ ಸೂತ್ರ ಆರಿಸಿ

ಒಂದೇ ರೀತಿ ಕಾಣುವ ಎರಡು 2×2 ಮ್ಯಾಟ್ರಿಕ್ಸುಗಳು ಬೇಸಿಸ್ ಬದಲಾದಾಗ ಬೇರೆ ಬೇರೆಯಾಗಿ ಬದಲಾಗಬಹುದು.

ವೆಕ್ಟರ್ ಕೊಟ್ಟರೆ ವೆಕ್ಟರ್ ಹಿಂತಿರುಗಿಸುವ ಲೀನಿಯರ್ ಮ್ಯಾಪ್ ಅ ಇದ್ದರೆ, ಹೊಸ ರೂಪ ಪ⁻¹ × ಅ × ಪ. ಬಲದಿಂದ ಓದಿ: ಹೊಸದರಿಂದ ಹಳೆಯದಕ್ಕೆ ಬನ್ನಿ, ಕೆಲಸ ಮಾಡಿ, ಮತ್ತೆ ಹೊಸದಕ್ಕೆ ಹೋಗಿ. ಎರಡು ವೆಕ್ಟರುಗಳನ್ನು ಕೊಟ್ಟರೆ ಒಂದು ಸಂಖ್ಯೆ ಹಿಂತಿರುಗಿಸುವ ಬೈಲೀನಿಯರ್ ಫಾರ್ಮ್ ಗ ಇದ್ದರೆ, ಉದಾಹರಣೆಗೆ ಇನ್ನರ್ ಪ್ರಾಡಕ್ಟ್, ಹೊಸ ರೂಪ (ಪ ದ ಟ್ರಾನ್ಸ್‌ಪೋಸ್) × ಗ × ಪ. ಇಲ್ಲಿ ಎರಡೂ ಬದಿಯಲ್ಲಿ ವೆಕ್ಟರ್ ಕೊಡಬೇಕಾದ್ದರಿಂದ ಇನ್ವರ್ಸ್ ಬರುವುದಿಲ್ಲ. ಪ್ರಶ್ನೆಯಲ್ಲಿ ಬರೀ "ಮ್ಯಾಟ್ರಿಕ್ಸ್" ಎಂದಿದ್ದರೆ ಅದು ಏನನ್ನು ಪಡೆದು ಏನನ್ನು ಕೊಡುತ್ತದೆ ಎಂದು ನೋಡದೆ ಸೂತ್ರ ಹಾಕಬೇಡಿ.

ಡ್ಯುಯಲ್ ಮ್ಯಾಪ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅ ಎಂಬ ಮ್ಯಾಪ್ ಒಂದು ಸ್ಪೇಸಿನಿಂದ ಇನ್ನೊಂದಕ್ಕೆ ವೆಕ್ಟರುಗಳನ್ನು ಒಯ್ದರೆ, ಎರಡನೆಯ ಸ್ಪೇಸಿನ ಫಂಕ್ಷನಲ್ ಒಂದನ್ನು ಮೊದಲ ಸ್ಪೇಸಿನ ಮೇಲೆ ಬಳಸಬಹುದು: ಮೊದಲು ಅ ಹಾಕಿ, ಆಮೇಲೆ ಅಳೆಯಿರಿ. ಹಾಗಾಗಿ ಫಂಕ್ಷನಲ್‌ಗಳು ಹಿಂದಕ್ಕೆ ಬರುತ್ತವೆ. ಎರಡು ಮ್ಯಾಟ್ರಿಕ್ಸುಗಳ ಗುಣಲಬ್ಧದ ಟ್ರಾನ್ಸ್‌ಪೋಸ್ ಮಾಡುವಾಗ ಕ್ರಮ ತಿರುಗುವುದರ ಹಿಂದಿನ ಕಾರಣ ಈ ಹಿಂಬರುವಿಕೆ.

ಹಂತ 8: ಅಡ್ಡಸಾಲನ್ನು ಕಂಬಸಾಲು ಮಾಡುವ ಮೊದಲು ನಿಲ್ಲಿ

ಪಿಯುಸಿಯಲ್ಲಿ ವೆಕ್ಟರ್ ಕಲಿಯುವಾಗ ಡ್ಯುಯಲ್ ಸ್ಪೇಸಿನ ಸುದ್ದಿಯೇ ಇರಲಿಲ್ಲವಲ್ಲ, ಏಕೆ? ಅಲ್ಲಿನ ಬೇಸಿಸ್ ಯಾವಾಗಲೂ ಆರ್ಥೋನಾರ್ಮಲ್, ಅಂದರೆ ಪರಸ್ಪರ ಲಂಬವಾಗಿರುವ, 1 ಉದ್ದದ ವೆಕ್ಟರುಗಳು. ಅಂಥ ಒಂದು ಬೇಸಿಸ್ಸಿನಿಂದ ಅಂಥದ್ದೇ ಇನ್ನೊಂದಕ್ಕೆ ಹೋದರೆ ಪ ದ ಇನ್ವರ್ಸ್ ಅದರ ಟ್ರಾನ್ಸ್‌ಪೋಸ್ ಆಗಿಯೇ ಇರುತ್ತದೆ. ಆಗ ಅಡ್ಡಸಾಲೂ ಕಂಬಸಾಲೂ ಒಂದೇ ರೀತಿ ಬದಲಾಗುತ್ತವೆ, ವ್ಯತ್ಯಾಸ ಮರೆಯಾಗುತ್ತದೆ. ಬೇಸಿಸ್ ಓರೆಯಾದ ಕೂಡಲೇ ಅದು ಹೊರಬರುತ್ತದೆ.

ಹರಳುಗಳ ಭೌತಶಾಸ್ತ್ರ ಓದಿದವರಿಗೆ ಇದರ ನೇರ ಅನುಭವ ಇರುತ್ತದೆ. ಹರಳಿನೊಳಗಿನ ಒಂದು ದಿಕ್ಕನ್ನು [1 0 0] ರೀತಿಯ ಮೂರು ಸಂಖ್ಯೆಗಳಿಂದ, ಒಂದು ಸಮತಲವನ್ನು (1 0 0) ರೀತಿಯ ಮಿಲ್ಲರ್ ಇಂಡೆಕ್ಸುಗಳಿಂದ ಗುರುತಿಸುತ್ತಾರೆ. ಬ್ರಿಟಿಷ್ ಖನಿಜಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1839ರಲ್ಲಿ ಮುಂದಿಟ್ಟ ಪದ್ಧತಿ ಇದು. ನಮ್ಮ ಮಾತಿನಲ್ಲಿ ದಿಕ್ಕು ವೆಕ್ಟರ್, ಮಿಲ್ಲರ್ ಇಂಡೆಕ್ಸ್ ಫಂಕ್ಷನಲ್. ದಿಕ್ಕು ಸಮತಲದೊಳಗೇ ಇದೆಯೇ ಎಂದು ತಿಳಿಯಲು ಎರಡನ್ನೂ ಗುಣಿಸಿ ಕೂಡಿಸಿದರೆ ಸಾಕು, ಸೊನ್ನೆ ಬಂದರೆ ಇದೆ. ಈ ನಿಯಮ ಎಲ್ಲ ಬಗೆಯ ಹರಳಿಗೂ ಅನ್ವಯಿಸುತ್ತದೆ, ಏಕೆಂದರೆ ಅದು ಫಂಕ್ಷನಲ್ ವೆಕ್ಟರಿನ ಮೇಲೆ ಕೊಡುವ ಸಂಖ್ಯೆ. ಆದರೆ "[1 0 0] ದಿಕ್ಕು (1 0 0) ಸಮತಲಕ್ಕೆ ಲಂಬ" ಎಂಬುದು ಕ್ಯೂಬಿಕ್ ಹರಳಿನಲ್ಲಿ ನಿಜ, ಹೆಕ್ಸಾಗೊನಲ್ ಹರಳಿನಲ್ಲಿ ಸುಳ್ಳು. ಅಲ್ಲಿ ಮೊದಲ ಎರಡು ಅಕ್ಷಗಳ ನಡುವೆ 120 ಡಿಗ್ರಿ ಇದೆ. ಎರಡನೆಯ ಅಕ್ಷ (1 0 0) ಸಮತಲದೊಳಗೇ ಇದೆ, [1 0 0] ಅದಕ್ಕೆ 90 ಡಿಗ್ರಿಯಲ್ಲಿಲ್ಲ. ಫಂಕ್ಷನಲ್‌ನ ಸಂಖ್ಯೆಗಳನ್ನು ಹಾಗೇ ಎತ್ತಿ ವೆಕ್ಟರ್ ಎಂದು ಓದಿದ್ದರ ಫಲ ಇದು.

ಕ್ಷ-ಕಿರಣ ವಿವರ್ತನೆಯಲ್ಲಿ ಬರುವ ರೆಸಿಪ್ರೋಕಲ್ ಲ್ಯಾಟಿಸ್‌ನ ಬೇಸಿಸ್ ಕೂಡ ಡ್ಯುಯಲ್ ಬೇಸಿಸ್ಸೇ. ಒಂದು ಎಚ್ಚರಿಕೆ ಇರಲಿ: ಹರಳುಶಾಸ್ತ್ರದ ಪುಸ್ತಕಗಳು ಬೇಸಿಸ್ ವೆಕ್ಟರಿಗೂ ಅದರ ಡ್ಯುಯಲ್ ಜೋಡಿಗೂ ಇರುವ ಗುಣಲಬ್ಧವನ್ನು 1 ಎಂದು ತೆಗೆದುಕೊಂಡರೆ, ಸಾಲಿಡ್ ಸ್ಟೇಟ್ ಭೌತಶಾಸ್ತ್ರದ ಪುಸ್ತಕಗಳು 2π ಎಂದು ತೆಗೆದುಕೊಳ್ಳುತ್ತವೆ.

ಅಡ್ಡಸಾಲನ್ನು ವೆಕ್ಟರ್ ಆಗಿಸಲೇಬೇಕಾದರೆ ಇನ್ನರ್ ಪ್ರಾಡಕ್ಟ್ ಬೇಕು, ಅಂದರೆ ಉದ್ದ ಮತ್ತು ಕೋನ ಎಂದರೇನು ಎಂದು ಮೊದಲೇ ತೀರ್ಮಾನಿಸಿರಬೇಕು. ಅಕ್ಕಿ ಮತ್ತು ಬೇಳೆಯ ನಡುವಿನ ಕೋನ ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ, ಹಾಗಾಗಿ ಬೆಲೆಪಟ್ಟಿಯನ್ನು ಚೀಲವಾಗಿ ಮಾಡುವ ಸಹಜವಾದ ದಾರಿಯೂ ಇಲ್ಲ. ಕ್ವಾಂಟಂ ಮೆಕ್ಯಾನಿಕ್ಸಿನಲ್ಲಿ ಭೌತವಿಜ್ಞಾನಿ ಪಾಲ್ ಡಿರಾಕ್ 1939ರಲ್ಲಿ ಕೊಟ್ಟ ಬ್ರಾ ಮತ್ತು ಕೆಟ್ ಸಂಕೇತಗಳಲ್ಲಿ ಬ್ರಾ ಎನ್ನುವುದು ಫಂಕ್ಷನಲ್, ಕೆಟ್ ಎನ್ನುವುದು ವೆಕ್ಟರ್. ಅಲ್ಲಿ ಇನ್ನರ್ ಪ್ರಾಡಕ್ಟ್ ಇದೆ, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಹೋಗುವಾಗ ಕಾಂಪ್ಲೆಕ್ಸ್ ಸಂಖ್ಯೆಗಳ ಕಾಂಜುಗೇಟ್ ತೆಗೆದುಕೊಳ್ಳುವುದನ್ನು ಮರೆಯಬಾರದು.

ಡ್ಯುಯಲ್‌ನ ಡ್ಯುಯಲ್ ವಿಷಯ ಮಾತ್ರ ಬೇರೆ. ವೆಕ್ಟರ್ ವ ಇದ್ದರೆ "ಯಾವ ಫಂಕ್ಷನಲ್ ಕೊಟ್ಟರೂ ಅದಕ್ಕೆ ವ ಹಾಕಿ ಬಂದ ಸಂಖ್ಯೆ ಹೇಳು" ಎಂಬ ನಿಯಮ ತಾನಾಗಿ ಸಿಗುತ್ತದೆ. ಇದಕ್ಕೆ ಬೇಸಿಸ್ ಬೇಡ, ಕೋನ ಬೇಡ. ಆಯಾಮ ಸೀಮಿತವಾಗಿದ್ದರೆ ಮೂಲ ಸ್ಪೇಸೂ ಡ್ಯುಯಲ್‌ನ ಡ್ಯುಯಲೂ ಒಂದೇ ಎನ್ನಲು ಇದೇ ಕಾರಣ.

ಸೀಮಿತ ಎಂಬ ಮಾತನ್ನು ಬಿಡಬೇಡಿ. ಎಲ್ಲ ಘಾತಗಳ ಪಾಲಿನಾಮಿಯಲ್‌ಗಳನ್ನೂ ತೆಗೆದುಕೊಂಡರೆ 1, ಕ್ಷ, ಕ್ಷ², ಹೀಗೆ ಕೊನೆಯಿಲ್ಲದ ಬೇಸಿಸ್. ಆಗ ಗುಣಾಂಕಗಳನ್ನು ಒಂದೊಂದಾಗಿ ಓದುವ ಫಂಕ್ಷನಲ್‌ಗಳು ಡ್ಯುಯಲ್ ಸ್ಪೇಸನ್ನು ತುಂಬುವುದಿಲ್ಲ. ಕ್ಷ = 1 ಆದಾಗಿನ ಬೆಲೆ ಎಂದರೆ ಎಲ್ಲ ಗುಣಾಂಕಗಳ ಮೊತ್ತ. ಅದನ್ನು ಬರೆಯಲು ಆ ಫಂಕ್ಷನಲ್‌ಗಳೆಲ್ಲವೂ ಬೇಕು, ಯಾವ ಸೀಮಿತ ಸಂಖ್ಯೆಯೂ ಸಾಲದು. ಮೇಲಿನ ಹಂತ 5ನ್ನು ಅಲ್ಲಿಗೆ ಹಾಗೇ ಒಯ್ಯಬೇಡಿ.

ಹಂತ 9: ಒಂದು ಲೆಕ್ಕ ನೀವೇ ಮಾಡಿ

ಹೊಸ ಬೇಸಿಸ್ ನ₁ = 3ಹ₁ + ಹ₂, ನ₂ = 5ಹ₁ + 2ಹ₂. ಹಳೆಯ ಬೇಸಿಸ್ಸಿನಲ್ಲಿ ವೆಕ್ಟರ್ [1; 1], ಫಂಕ್ಷನಲ್ [4 7]. ಪ, ಪ⁻¹, ಡ್ಯುಯಲ್ ಬೇಸಿಸ್, ಎರಡರ ಹೊಸ ಕೋಆರ್ಡಿನೇಟುಗಳು, ಇಷ್ಟನ್ನೂ ಕೆಳಗೆ ನೋಡದೆ ಬರೆಯಿರಿ.

ಉತ್ತರ: ಪ = [3 5; 1 2], ಪ⁻¹ = [2 −5; −1 3]. ಡ₁ = [2 −5], ಡ₂ = [−1 3]. ವೆಕ್ಟರ್ [−3; 2]. ಫಂಕ್ಷನಲ್ [19 34]. ಹಳೆಯದರಲ್ಲಿ 4 + 7 = 11, ಹೊಸದರಲ್ಲಿ −57 + 68 = 11. ನಿಮಗೆ [−3; 2] ಬದಲು [8; 3] ಬಂದಿದ್ದರೆ ಇನ್ವರ್ಸ್ ಬಿಟ್ಟಿದ್ದೀರಿ, ಹಂತ 2ರ ಪರೀಕ್ಷೆ ಮಾಡಿ. [19 34] ಬದಲು [47 18] ಬಂದಿದ್ದರೆ ಅಡ್ಡಸಾಲನ್ನು ಕಂಬಸಾಲಾಗಿ ಬರೆದು ಎಡದಿಂದ ಪ ಹಾಕಿದ್ದೀರಿ, ಹಂತ 4ಕ್ಕೆ ಹಿಂತಿರುಗಿ.